ಸಾಹೇಬರು ಒಮ್ಮೆ ಮಾತ್ರ ಕೇಳಿದರು

ಮೊನ್ನೆ ಸೊಸೆಯ ಜೊತೆ ಅವಳ ಗೆಳತಿಯ ಮನೆಗೆ ಹೋಗಿದ್ದೆ. ಗೆಳತಿ ಬೆಂಗಳೂರಿನ ಕಡೆಯವಳು, ಪುಣೆಗೆ ಬಂದು ಇನ್ನೂ ವರ್ಷವಾಗಿಲ್ಲ. "ಅಜ್ಜಿ, ಕಾಫಿ ಕುಡೀತೀರಾ?" ಎಂದು ಪ್ರೀತಿಯಿಂದಲೇ ಕೇಳಿದಳು. "ಬ್ಯಾಡವಾ, ಈಗಷ್ಟ ಕುಡದು ಬಂದೀನಿ" ಎಂದೆ. ಕುಡಿದೇನೂ ಬಂದಿರಲಿಲ್ಲ. ಅವಳು "ಸರಿ ಅಜ್ಜಿ" ಎಂದವಳೇ ಸೋಫಾದ ಮೇಲೆ ಕೂತುಬಿಟ್ಟಳು! ಆಮೇಲೆ ಇಬ್ಬರೂ ಗೆಳತಿಯರು ಒಳಗೆ ಹೋಗಿ ತಮಗೆ ಕಾಫಿ ಮಾಡಿಕೊಂಡು ಬಂದು ನನ್ನೆದುರೇ ಕುಡಿದರು. ನಾನು ಅದರ ಪರಿಮಳ ಕುಡಿಯುತ್ತ, ಮುಖದ ಮೇಲೆ ನಗು ಇಟ್ಟುಕೊಂಡು, ಅವರ ಮನೆಯ ಪರದೆಗಳನ್ನು ಹೊಗಳಿದೆ.

ತಪ್ಪು ಆ ಹುಡುಗಿಯದಲ್ಲ. ನಾನು ಬೆಳೆದ ಮನೆಯಲ್ಲಿ ಮೊದಲನೆಯ ಸಲದ "ಬ್ಯಾಡ"ಕ್ಕೆ ಯಾವ ಬೆಲೆಯೂ ಇರಲಿಲ್ಲ, ಅಷ್ಟೇ. ಅದು ಮರ್ಯಾದೆಯ ಮಾತು. ಎರಡನೆಯ ಸಲದ "ಬ್ಯಾಡ್ರಿ, ಖರೇನ ಬ್ಯಾಡ" ಅಂದರೆ ಒಲೆಯ ಮೇಲೆ ನೀರು ಇಡಬಹುದು ಎಂದು ಅರ್ಥ. ಮೂರನೆಯ ಸಲ ಕೇಳಿದಾಗ "ಅರ್ಧಾ ಕಪ್ ಸಾಕ್ರಿ" ಎಂದು ಹೇಳಿ, ತುಂಬಿದ ಕಪ್ಪನ್ನು, ಬಶಿಗೆ ಚೆಲ್ಲಿದ್ದರ ಸಮೇತ, ಕುಡಿದು ಏಳುವುದು ಸಂಪ್ರದಾಯ. ಕೇಳಿದೊಡನೆ "ಕೊಡ್ರಿ" ಎಂದವರನ್ನು ನಮ್ಮ ಅವ್ವ ಅವರು ಹೋದ ಮೇಲೆ ವಾರಗಟ್ಟಲೆ ಆಡಿಕೊಳ್ಳುತ್ತಿದ್ದಳು. ಈ ವಿದ್ಯೆಯಲ್ಲಿ ನಾನು ಚೆನ್ನಾಗಿ ಪಳಗಿದವಳು. ಅದರಿಂದಾಗಿ ಎಷ್ಟು ಮದುವೆಗಳಲ್ಲಿ ಅರೆಹೊಟ್ಟೆಯಲ್ಲಿ ಎದ್ದು ಬಂದಿದ್ದೇನೋ ಲೆಕ್ಕವಿಲ್ಲ.

ಕಾಫಿಯ ಮಾತು ಬಿಡಿ, ಅದನ್ನು ಮನೆಗೆ ಬಂದು ಮಾಡಿಕೊಂಡು ಕುಡಿದೆ. ಆದರೆ ಕುಡಿಯುತ್ತಿರುವಾಗ ಬರ್ಟಲ್ ಸಾಹೇಬರು ನೆನಪಾದರು. ಅವರ ಹೆಸರು ಈಗ ಇಂಗ್ಲೆಂಡಿನಲ್ಲೂ ಯಾರಿಗೂ ನೆನಪಿರಲಿಕ್ಕಿಲ್ಲ. ಒಂದು ಕಾಲಕ್ಕೆ ಅವರು ಅಲ್ಲಿನ ಪಾರ್ಲಿಮೆಂಟಿನ ಸದಸ್ಯರಾಗಿದ್ದರು. ಅದಕ್ಕೂ ಮೊದಲು, ಎರಡನೆಯ ಮಹಾಯುದ್ಧದ ಕಾಲಕ್ಕೆ, ಹತ್ತಾರು ಸಂಸಾರಗಳು ಬಾಡಿಗೆಗಿದ್ದ ಶನಿವಾರ ಪೇಟೆಯ ವಾಡೆಯೊಂದರಲ್ಲಿ, ನಮ್ಮ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹಿಂದುಸ್ತಾನಿ ಕಲಿಯುತ್ತಿದ್ದರು.

ಕಲಿಸುತ್ತಿದ್ದವರು ನಮ್ಮ ಅಪ್ಪ. ಧಾರವಾಡದ ಕಡೆಯಿಂದ ಪುಣೆಗೆ ಬಂದು, ಮೊದಲು ಒಂದು ಕಚೇರಿಯಲ್ಲಿ ಕಾರಕೂನರಾಗಿ, ಆಮೇಲೆ ಊರ ಪಕ್ಕದ ದಂಡುಪ್ರದೇಶವಾದ ಲಷ್ಕರಿನ ಗೋರಾ ಅಧಿಕಾರಿಗಳಿಗೆ ಭಾಷೆ ಕಲಿಸುವ ಮುನ್ಶಿಯಾಗಿದ್ದರು. ಮನೆಯಲ್ಲಿ ಕನ್ನಡ, ಬಾಗಿಲ ಹೊರಗೆ ಮರಾಠಿ, ಹೊಟ್ಟೆಗಾಗಿ ಹಿಂದುಸ್ತಾನಿ ಮತ್ತು ಇಂಗ್ಲಿಷು. ಪಾಠದ ಪುಸ್ತಕ ಸೈನ್ಯದ್ದೇ. ಅದರಲ್ಲಿ "ಕುದುರೆಗೆ ನೀರು ಕುಡಿಸು", "ಬೂಟು ಯಾಕೆ ಹೊಲಸಾಗಿದೆ?", "ಈ ದಾರಿ ಎಲ್ಲಿಗೆ ಹೋಗುತ್ತದೆ?" ಎಂಬಂಥ ವಾಕ್ಯಗಳು ತುಂಬಿದ್ದವು. ನಾನು ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಒಳಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತರೆ ನನ್ನ ಪಾಠಕ್ಕಿಂತ ಸಾಹೇಬರ ಪಾಠವೇ ನನಗೆ ಬಾಯಿಪಾಠವಾಗುತ್ತಿತ್ತು. ಇವತ್ತಿಗೂ ಕುದುರೆಗೆ ನೀರು ಕುಡಿಸಲು ನಾನು ಶುದ್ಧ ಹಿಂದುಸ್ತಾನಿಯಲ್ಲಿ ಅಪ್ಪಣೆ ಕೊಡಬಲ್ಲೆ, ಕುದುರೆ ಬೇಕಷ್ಟೆ.

ಬರ್ಟಲ್ ಸಾಹೇಬರು ಬೇರೆ ಗೋರಾಗಳಂತಿರಲಿಲ್ಲ. ಸೈಕಲ್ಲಿನ ಮೇಲೆ ಬರುತ್ತಿದ್ದರು. ಅಂಗಳದ ನಲ್ಲಿಯ ಹತ್ತಿರ ಸೈಕಲ್ಲು ನಿಲ್ಲಿಸಿ, ಕೊಡ ಹಿಡಿದು ನಿಂತ ಹೆಂಗಸರಿಗೆ ನಮಸ್ಕಾರ ಮಾಡಿ, ಬೂಟು ಬಿಚ್ಚಿ ಒಳಗೆ ಬರುತ್ತಿದ್ದರು. ಅವರ ಊರು ಇಂಗ್ಲೆಂಡಿನ ಉತ್ತರಕ್ಕೆ, ಹತ್ತಿಯ ಗಿರಣಿಗಳ ಊರು. ಅಪ್ಪ-ಅಮ್ಮ ಇಬ್ಬರೂ ಗಿರಣಿಯಲ್ಲಿ ದುಡಿದವರಂತೆ. ಇವರೂ ಮೀಸೆ ಮೂಡುವ ಮೊದಲೇ ಗಿರಣಿಗೆ ಹೋಗಿ, ಸಂಜೆ ಶಾಲೆಯಲ್ಲಿ ಓದಿ, ಮಾಸ್ತರರಾಗಿ, ಯುದ್ಧ ಬಂದಾಗ ಸೈನ್ಯದ ಶಿಕ್ಷಣ ವಿಭಾಗಕ್ಕೆ ಸೇರಿದವರು. ಸೈನಿಕರಿಗೆ ಊರಿನ ನೀರು, ಶಾಲೆ, ಮನೆಗಳ ವ್ಯವಸ್ಥೆ ಹೇಗಿರಬೇಕು ಎಂದು ಭಾಷಣ ಮಾಡುವುದು ಅವರ ಕೆಲಸ. "ಬಂದೂಕು ಹಿಡದವ್ರಿಗೆ ಗಟಾರದ ಪಾಠ ಯಾಕ ಬೇಕ್ರಿ?" ಎಂದು ಅವ್ವ ಕೇಳುತ್ತಿದ್ದಳು. ಅಪ್ಪನಿಗೂ ಅದು ತಿಳಿದಿರಲಿಲ್ಲ. ಆದರೆ ಶಿಷ್ಯನೂ ಮಾಸ್ತರನೇ ಎಂಬ ಹೆಮ್ಮೆಯಿತ್ತು.

ಒಮ್ಮೆ ಅವರನ್ನು ಊಟಕ್ಕೆ ಕರೆದೆವು. ಅಡಿಗೆಮನೆಯೊಳಗೆ ಕೂಡಿಸುವ ಕಾಲ ಅದಲ್ಲ, ಪಡಸಾಲೆಯಲ್ಲೇ ಎಲೆ ಹಾಕಿದೆವು. ಅವ್ವ ಹೋಳಿಗೆ ಮಾಡಿದ್ದಳು. ಸಾಹೇಬರು ಎರಡು ಹೋಳಿಗೆ ತಿಂದು ತಾವು ಕಲಿತ ಭಾಷೆಯಲ್ಲಿ "ಬಸ್", ಅಂದರೆ ಸಾಕು, ಎಂದರು. ಅವ್ವ ಮೂರನೆಯದನ್ನು ಹಾಕಿದಳು. ಅವರು ಎರಡೂ ಕೈ ಎಲೆಗೆ ಅಡ್ಡ ಹಿಡಿದರು. ಅವ್ವ ಅದನ್ನು ಸಂಕೋಚವೆಂದು ತಿಳಿದು, ಬೆರಳುಗಳ ಸಂದಿಯಿಂದ ತುಪ್ಪ ಬಿಟ್ಟಳು. ಹಾಕಿದ್ದನ್ನು ಬಿಡಬಾರದೆಂದು ಅವರ ತಾಯಿಯೂ ಕಲಿಸಿದ್ದಳಂತೆ, ಪಾಪ, ತಿಂದರು. ಆ ವಾರ ಪಾಠಕ್ಕೆ ಬರಲಿಲ್ಲ. ಅಪ್ಪ ಲಷ್ಕರಿಗೆ ಹೋಗಿ ವಿಚಾರಿಸಿ ಬಂದು ಅವ್ವನ ಮೇಲೆ ಸಿಟ್ಟಾದರು.

"ಅವರೊಳಗ ಬ್ಯಾಡ ಅಂದ್ರ ಬ್ಯಾಡಂತ ಅರ್ಥ. ತಿಳೀತಿಲ್ಲೊ? ಒಮ್ಮೆ ಕೇಳ್ಬೇಕು, ಬಿಟ್ಟುಬಿಡಬೇಕು."

"ಒಮ್ಮೆ ಕೇಳಿ ಬಿಟ್ರ ಅದೆಂಥಾ ಉಪಚಾರಾರೀ?" ಎಂದಳು ಅವ್ವ. ಅವಳಿಗೆ ಸಾಹೇಬರ ಹೊಟ್ಟೆನೋವಿಗಿಂತ ಅವರ ಸಂಸ್ಕೃತಿಯ ಬಗೆಗೇ ಮರುಕವಾಗಿತ್ತು.

ಆ ಊಟದ ದಿನ ಬಡಿಸುತ್ತಿದ್ದವರಲ್ಲಿ ನಮ್ಮ ರಾಧತ್ತೆಯೂ ಇದ್ದಳು. ಅವಳು ಅಪ್ಪನ ತಂಗಿ. ಅವಳ ಗಂಡ ವಾಮನ ಮಾಮಾ ಒಂದು ಇಂಗ್ಲಿಷ್ ರಬ್ಬರ್ ಕಂಪನಿಯ ಮುಂಬಯಿ ಕಚೇರಿಯಲ್ಲಿ ಕಾರಕೂನರಿದ್ದವರು, ಬಡ್ತಿ ಕೊಡುತ್ತಾರೆಂದು ಮಲಾಯಾಕ್ಕೆ ಹೋದರು. ಮನೆ ಹಿಡಿದ ಮೇಲೆ ಕರೆಸಿಕೊಳ್ಳುತ್ತೇನೆಂದು ಹೇಳಿ ಹೆಂಡತಿಯನ್ನು ನಮ್ಮಲ್ಲಿ ಬಿಟ್ಟಿದ್ದರು. ಅಷ್ಟರಲ್ಲಿ ಜಪಾನಿನವರು ಬಂದರು. ಅಂದಿನಿಂದ ಮಾಮಾನ ಸುದ್ದಿಯೇ ಇಲ್ಲ. ಸೈನ್ಯದವರಾಗಿದ್ದರೆ ಸರ್ಕಾರ ಏನಾದರೂ ತಿಳಿಸುತ್ತಿತ್ತು. ಕಂಪನಿಯ ಕಾರಕೂನನನ್ನು ಯಾರು ಕೇಳಬೇಕು? ಮುಂಬಯಿ ಕಚೇರಿಯವರು, ತಮಗೆ ಏನೂ ಗೊತ್ತಿಲ್ಲ, ಗೊತ್ತಾಗುವುದಿದ್ದರೆ ಲಂಡನ್ನಿನ ದೊಡ್ಡ ಕಚೇರಿಗೇ ಎಂದರು. ಅಪ್ಪ ಅಲ್ಲಿಗೂ ಬರೆದರು. ಉತ್ತರವಿಲ್ಲ.

ರಾಧತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕನ್ನಡಿಯ ಮುಂದೆ ನಿಂತು, ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. ನಮ್ಮಂಥವರು ಕುಂಕುಮ ಹಚ್ಚಿಕೊಳ್ಳುವಾಗ ಏನೂ ಯೋಚಿಸುವುದಿಲ್ಲ. ಅವಳು ಬೆರಳನ್ನು ಕರಡಿಗೆಯಲ್ಲಿ ಅದ್ದಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಅರಿಸಿನ ಕುಂಕುಮಕ್ಕೆ ವಾಡೆಯ ಹೆಂಗಸರು ಅವಳನ್ನು ಕರೆಯುತ್ತಿದ್ದರು, ಆದರೆ ಕರೆಯುವ ಮೊದಲು ತಮ್ಮ ತಮ್ಮಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಒಮ್ಮೆ ಅವ್ವನ ಹತ್ತಿರ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ವೈನಿ, ಇದ್ದಾರ ಅಂದ್ರ ಜನ್ಮಾ ಪೂರ್ತಿ ಕಾಯ್ತೀನಿ. ಇಲ್ಲಾ ಅಂದ್ರ ಅತ್ತು ಮುಗಸ್ತೀನಿ. ಎರಡರಾಗ ಒಂದು ತಿಳದ್ರ ಸಾಕು."

ಯುದ್ಧ ಮುಗಿಯುತ್ತ ಬಂದಾಗ ಇಂಗ್ಲೆಂಡಿನಲ್ಲಿ ಚುನಾವಣೆ ಬಂತು. ಬರ್ಟಲ್ ಸಾಹೇಬರು ದುಡಿಯುವ ಜನರ ಪಕ್ಷದ ಕಡೆಯಿಂದ ನಿಂತಿದ್ದಾರೆಂದು ಅಪ್ಪ ಬಂದು ಹೇಳಿದಾಗ ನಾವು ಯಾರೂ ನಂಬಲಿಲ್ಲ. ಮನುಷ್ಯ ಇರುವುದು ಪುಣೆಯಲ್ಲಿ, ಚುನಾವಣೆ ಅಲ್ಲಿ! ಅಲ್ಲಿ ಅವರ ಹೆಂಡತಿ ಗಂಡನ ಫೋಟೋ ಹಿಡಿದು ಮನೆಮನೆಗೆ ಹೋಗುತ್ತಿದ್ದಳಂತೆ. ನಮ್ಮ ಪೇಟೆಯ ಮುನಸಿಪಾಲಿಟಿಗೆ ನಿಲ್ಲುವವರು ಕೈಮುಗಿದು ನಮ್ಮ ಹೊಸ್ತಿಲಲ್ಲೇ ಬಿಡಾರ ಹೂಡುವುದನ್ನು ಕಂಡ ಅವ್ವ, "ಮಾರಿ ತೋರಸದ ಗೆದ್ರ ನೀವು ಕೇಳಿದ್ದು ಕೊಡ್ತೀನಿ" ಎಂದು ಸವಾಲು ಹಾಕಿದಳು. ಮತದಾನ ಮುಗಿದರೂ ಎಣಿಕೆಯಾಗಲಿಲ್ಲ, ದೇಶದೇಶಗಳಲ್ಲಿದ್ದ ಸೈನಿಕರ ಮತಗಳು ಬಂದು ಸೇರಬೇಕಿತ್ತು. ಆ ವಾರಗಳಲ್ಲಿ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. ಸ್ವಂತ ಮಗಳ ಇಂಟರ್ ಪರೀಕ್ಷೆಯ ಫಲಿತಾಂಶಕ್ಕೆ ಅಷ್ಟು ತಳಮಳಿಸಿದ್ದು ನನಗೆ ನೆನಪಿಲ್ಲ.

ಗೆದ್ದರು. ಸುದ್ದಿ ಬಂದ ದಿನವೂ ಸಾಹೇಬರು ಹೊತ್ತಿಗೆ ಸರಿಯಾಗಿ ಬಂದು ಪಾಠಕ್ಕೆ ಕೂತರು. ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿ, ತಾವು ಆರಿಸಿ ಬಂದದ್ದನ್ನು ಹಿಂದುಸ್ತಾನಿಯಲ್ಲೇ ಹೇಳಿದರು. ಅಪ್ಪ ಮೊದಲು ಅವರ ವಾಕ್ಯದಲ್ಲಿನ ತಪ್ಪು ತಿದ್ದಿದರು. ಆಮೇಲೆ ಅರ್ಥವಾಗಿ ಎದ್ದು ನಿಂತು ಅವರ ಕೈ ಹಿಡಿದುಕೊಂಡರು. ಅಪ್ಪನ ಕಣ್ಣಲ್ಲಿ ನೀರು. ಸಂಜೆಯೊಳಗೆ ಇಡೀ ವಾಡೆಗೆ ಗೊತ್ತಾಯಿತು. ಗೋರಾಗಳಿಗೆ ಕಲಿಸುತ್ತಾನೆಂದು ಅಪ್ಪನ ಜೊತೆ ಮಾತು ಬಿಟ್ಟಿದ್ದ ವಾಡೆಯ ಮಾಲೀಕರು ಕೂಡ ಬಂದು, "ಕಾಯ್ ಮುನ್ಶೀಸಾಹೇಬ, ತುಮಚಾ ಶಿಷ್ಯ ರಾಜಾ ಝಾಲಾ ಕೀ!" ಎಂದು ಶಿಷ್ಯ ರಾಜನೇ ಆದನೆಂಬಂತೆ ಗುರುವನ್ನು ಕೊಂಡಾಡಿದರು.

ನನಗೆ ನೆನಪಿರುವುದು ಬೇರೆ. ಅಂದು ರಾಧತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು, "ಅಣ್ಣಾ, ನಿಮ್ಮ ಸಾಹೇಬ ಇನ್ನ ಲಂಡನ್ನಿನಾಗ ಇರ್ತಾನೇನು?" ಎಂದು ಕೇಳಿದಳು.

"ಹೌದು."

"ಕಂಪನೀ ದೊಡ್ಡ ಕಚೇರಿನೂ ಅಲ್ಲೇ ಅದಲ್ಲ?"

ಅಪ್ಪ ತಂಗಿಯ ಮುಖ ನೋಡಿದರು. "ಕೇಳ್ತೀನಿ" ಎಂದರು. "ಪಾರ್ಲಿಮೆಂಟಿನವ್ರು ಕೇಳಿದ್ರ ಯಾವ ಕಂಪನಿನೂ ಉತ್ತರ ಕೊಡಲೇಬೇಕು. ನೀ ಚಿಂತಿ ಬಿಡು."

ಸಾಹೇಬರು ಊರಿಗೆ ಹೊರಡುವ ಮೊದಲು ಮನೆಗೆ ಬಂದು ಹೋಗುತ್ತೇನೆಂದು ಹೇಳಿ ಕಳಿಸಿದ್ದರು. ಅಷ್ಟೂ ದಿನ ಅಪ್ಪ ಆ ಮಾತನ್ನು ಇಂಗ್ಲಿಷಿನಲ್ಲಿ ತಯಾರು ಮಾಡುತ್ತಿದ್ದರು. ವಾಮನ ಮಾಮಾನ ಪೂರ್ತಿ ಹೆಸರು, ಕಂಪನಿಯ ಹೆಸರು, ಕೊನೆಯ ಸುದ್ದಿ ಬಂದ ಊರು. ಸ್ನಾನ ಮಾಡುವಾಗ ನೀರಿನ ಸಪ್ಪಳದ ಜೊತೆ ಅದೂ ಕೇಳಿಸುತ್ತಿತ್ತು. ಅವ್ವನಿಗೆ ಮಾತ್ರ ನಂಬಿಕೆಯಿರಲಿಲ್ಲ.

"ಬಂದ ಕೂಡ್ಲೇ ಹೇಳಿಬಿಡ್ರಿ ಮತ್ತ" ಎಂದಳು.

"ಬಂದ ಕೂಡ್ಲೇ ಹೆಂಗ ಹೇಳ್ಲಿಕ್ಕಾಗ್ತದ? ಮನಿಗೆ ಬಂದಾವಗ ಒಂದು ಚಹಾ ಸುದ್ದಾ ಕೊಡದ ಕೆಲಸಾ ಹೇಳೂದೇನು? ಅದೂ ಶಿಷ್ಯಗ. ಅಂವಾ ತಾನಾಗೇ ಕೇಳ್ತಾನ, ಏನು ಮಾಡ್ಲಿ ಅಂತ. ಆವಾಗ ಹೇಳ್ತೀನಿ."

ಆ ದಿನ ರಾಧತ್ತೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಸಾಹೇಬರು ಬಂದರು, ಚಹಾ ಕುಡಿದರು. ಅತ್ತೆ ತಾನೇ ಹೊರಗೆ ಬಂದು ಅವರ ಹಣೆಗೆ ಕುಂಕುಮ ಹಚ್ಚಿ, ಕೈಯಲ್ಲಿ ತೆಂಗಿನಕಾಯಿ ಇಟ್ಟಳು. ಗೋರಾ ಗಂಡಸಿನ ಎದುರು ಅವಳು ಹಾಗೆ ನಿಂತದ್ದು ಅದೇ ಮೊದಲು. ಸಾಹೇಬರು ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಈಕೆ ಯಾರು ಎಂದು ಅಪ್ಪನನ್ನು ಕೇಳಿದರು.

"ನನ್ನ ತಂಗಿ. ನಮ್ಮಲ್ಲೇ ಇರುತ್ತಾಳೆ" ಎಂದರು ಅಪ್ಪ ಇಂಗ್ಲಿಷಿನಲ್ಲಿ. ಎಂದು, ನಿಲ್ಲಿಸಿದರು. ಬಾಗಿಲ ಹಿಂದೆ ಅವ್ವ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಮರುದಿನವೂ ಇತ್ತು.

ಆಮೇಲೆ ಸಾಹೇಬರೇ ಕೇಳಿದರು. "ಗುರುಗಳೇ, ನಾನು ಲಂಡನ್ನಿಗೆ ಹೋಗುತ್ತಿದ್ದೇನೆ. ಅಲ್ಲಿ ನಿಮಗಾಗಿ ನಾನು ಮಾಡಬಹುದಾದ ಕೆಲಸ ಏನಾದರೂ ಇದೆಯೇ?"

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಕೇಳಲಾರರು. ಅಪ್ಪ ಮುಗುಳ್ನಕ್ಕು ಕೈ ಜೋಡಿಸಿದರು. "ಛೇ ಛೇ, ಏನೂ ಬೇಡ. ನಿಮ್ಮ ಪ್ರೀತಿ ಇದ್ದರೆ ಅಷ್ಟೇ ಸಾಕು" ಎಂದರು.

ಹೋಳಿಗೆಯ ದಿನ ನಮಗೆಲ್ಲ ಪಾಠ ಹೇಳಿದ ಮನುಷ್ಯ ಇವರೇ! ಆದರೆ ಆ ಮಾತು ಅವರ ಬಾಯಿಂದ ಬರಲಿಲ್ಲ, ಅವರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಸೇರಿ ಆಡಿಸಿದರು. ಆಡಿ, ಎರಡನೆಯ ಸಲ ಕೇಳಲಿ ಎಂದು ಅಪ್ಪ ಸಾಹೇಬರ ಮುಖವನ್ನೇ ನೋಡುತ್ತ ಕೂತರು.

ಎರಡನೆಯ ಸಲ ಕೇಳಲಿಲ್ಲ. ಅದರ ಬದಲು ಸಾಹೇಬರು ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದು, "ನಾನು ಗೆದ್ದ ದಿನದಿಂದ ಎಲ್ಲರೂ ಏನಾದರೊಂದು ಕೇಳುತ್ತಲೇ ಇದ್ದಾರೆ. ಒಬ್ಬನಿಗೆ ನೌಕರಿ, ಇನ್ನೊಬ್ಬನಿಗೆ ಶಿಫಾರಸು. ಏನೂ ಬೇಡವೆಂದವರು ನೀವೊಬ್ಬರೇ, ಇದನ್ನು ನಾನು ಮರೆಯುವುದಿಲ್ಲ" ಎಂದರು. ಮನಃಪೂರ್ವಕವಾಗಿಯೇ ಹೇಳಿದರು. ಅಷ್ಟು ಹೊಗಳಿಸಿಕೊಂಡ ಮೇಲೆ ಯಾರು ತಾನೇ ಬಾಯಿ ತೆಗೆದಾರು? ಅಪ್ಪ ಅಂಗಳ ದಾಟಿ, ಬೀದಿಯ ತಿರುವಿನವರೆಗೂ ಅವರ ಸೈಕಲ್ಲಿನ ಪಕ್ಕ ನಡೆದು ಹೋದರು. ಹೇಳಲು ಆ ದಾರಿಯಷ್ಟೇ ಉಳಿದಿತ್ತು. ಒಬ್ಬರೇ ತಿರುಗಿ ಬಂದರು.

ರಾಧತ್ತೆ ಇಳಕಲ್ ಸೀರೆ ಬಿಚ್ಚಿ, ಮಡಿಕೆ ಹಾಕಿ, ಪೆಟ್ಟಿಗೆಯಲ್ಲಿಟ್ಟು, ದಿನದ ಸೀರೆ ಉಟ್ಟು ರೊಟ್ಟಿ ಬಡಿಯಲು ಕೂತಳು.

ಕಾಗದ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಬರೆದರು. ಅವ್ವ ಬೆನ್ನು ಹತ್ತಿ ಬರೆಸಿದಳು. ಅಪ್ಪ ನನ್ನಿಂದ ಸುಂದರವಾದ ಅಕ್ಷರದಲ್ಲಿ ಪ್ರತಿ ಮಾಡಿಸಿದ ಆ ಕಾಗದದಲ್ಲಿ ಸಾಹೇಬರ ಆರೋಗ್ಯ, ಅವರ ಹೆಂಡತಿಯ ಆರೋಗ್ಯ, ಅಲ್ಲಿನ ಚಳಿ, ಹಿಂದುಸ್ತಾನಿಯ ಅಭ್ಯಾಸ ಬಿಡದಿರಿ ಎಂಬ ಬುದ್ಧಿಮಾತು, ಎಲ್ಲ ಇತ್ತು. ಮಾಮಾನ ಹೆಸರು ಇರಲಿಲ್ಲ. ಮೊದಲ ಕಾಗದದಲ್ಲೇ ಕೆಲಸ ಹೇಳುವುದು ಚೆನ್ನಾಗಿರುವುದಿಲ್ಲವಂತೆ. ಕೊನೆಯಲ್ಲಿ, ತಾವು ದೊಡ್ಡ ಕೆಲಸದಲ್ಲಿದ್ದೀರಿ, ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ ಎಂದೂ ಸೇರಿಸಿದರು. ಸಾಹೇಬರು ಹೇಳಿದ್ದನ್ನು ಹಾಗೆಯೇ ನಡೆಸುವ ಮನುಷ್ಯ. ತೊಂದರೆ ತೆಗೆದುಕೊಳ್ಳಲಿಲ್ಲ.

ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅಪ್ಪ ವಾಚನಾಲಯಕ್ಕೆ ಹೋಗಿ ವಿಲಾಯತಿ ಪತ್ರಿಕೆಗಳಲ್ಲಿ ಅವರ ಹೆಸರು ಹುಡುಕುತ್ತಿದ್ದರು. ನಾವೆಲ್ಲ ಅವರು ಮಂತ್ರಿಯಾಗುತ್ತಾರೆ, ಆಮೇಲೆ ಲಾಟಸಾಹೇಬರಾಗಿ, ಅಂದರೆ ಗವರ್ನರರಾಗಿ, ಪುಣೆಗೇ ಬರುತ್ತಾರೆ ಎಂದುಕೊಂಡಿದ್ದೆವು. ಅವರು ಶಾಲೆಯ ಮಕ್ಕಳ ಹಾಲು, ಗಿರಣಿಗಳ ಹೊಗೆ, ಬಾಂಬು ಬಿದ್ದ ಊರುಗಳಲ್ಲಿ ಮನೆ ಕಟ್ಟುವುದು, ಇಂಥವುಗಳ ಮೇಲೆ ಎದ್ದು ನಿಂತು ಪ್ರಶ್ನೆ ಕೇಳಿ ಕೂರುತ್ತಿದ್ದರು. ಒಂದೇ ಅವಧಿ. ಮುಂದಿನ ಚುನಾವಣೆಯಲ್ಲಿ ಸೋತು ಮತ್ತೆ ಅದೇ ಊರಿನ ಶಾಲೆಯಲ್ಲಿ ಮಾಸ್ತರರಾದರೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಯಾರಿಗೆ ಏನು ಬೇಕೆಂದು ಹೇಳಿದರೆ ಅದಕ್ಕಾಗಿ ನಿಜವಾಗಿ ಓಡಾಡುವ ಮನುಷ್ಯ. ಅದೇ ನನಗೆ ಹೆಚ್ಚು ಸಂಕಟ ಕೊಡುತ್ತದೆ.

ಯುದ್ಧ ಮುಗಿದರೂ ಮಾಮಾನ ಸುದ್ದಿ ಬರಲಿಲ್ಲ. ಸಾಹೇಬರು ಪುಣೆ ಬಿಟ್ಟ ಮರುವರ್ಷ ಅಂಚೆಯಲ್ಲಿ ಅವರ ಊರಿನ ಒಂದು ಸಣ್ಣ ಪತ್ರಿಕೆ ಬಂತು. ಊರವರ ಸಭೆಯಲ್ಲಿ ಸಾಹೇಬರು ಮಾಡಿದ ಭಾಷಣ. ಅದರಲ್ಲಿ ಹಿಂದುಸ್ತಾನದ ತಮ್ಮ ಗುರುವಿನ ಮಾತು ಬಂದಿತ್ತು: ಬಡವರು, ಆದರೆ ನಾನು ಕೇಳಿದಾಗ ಏನೂ ಬೇಡವೆಂದರು, ಅಂಥ ಜನರಿಗೆ ಸ್ವರಾಜ್ಯ ಕೊಡದಿರಲು ನಾವು ಯಾರು? ಅಪ್ಪ ಓದಿ, ಮಡಿಚಿ, ಕನ್ನಡಕ ತೆಗೆದು ಕೂತರು. ಏನು ಬರೆದಿದೆ ಎಂದು ರಾಧತ್ತೆ ನನ್ನನ್ನು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಳ್ಳುತ್ತ ಮೆಲ್ಲಗೆ ಅಂದಳು:

"ಬ್ಯಾಡ ಅಂದಾಂವ ಅಣ್ಣ. ಬೇಕಾಗಿದ್ದದ್ದು ನನಗ."

ಅಪ್ಪನಿಗೆ ಕೇಳಿಸಿತು. ಕೇಳಿಸಲೆಂದು ಅವಳು ಹೇಳಿರಲಿಲ್ಲ.

"ಹಂಗಾರ ಸಾಹೇಬಗ ನಮ್ಮ ಇಂದೂ ಬರೀತಾಳ, ನಾ ಹೇಳಿ ಬರಸ್ತೀನಿ" ಎಂದು ಅವ್ವ ನನ್ನನ್ನು ಕರೆದು ಅಂದೇ ಕೂತಳು. ನಾನು ಲೇಖನಿ ತಂದೆ. ರಾಧತ್ತೆ ನನ್ನ ಕೈ ಹಿಡಿದಳು. "ಬ್ಯಾಡ ವೈನಿ. ಇಷ್ಟು ಮಂದಿ ಮುಂದ ಅಣ್ಣನ್ನ ಹೊಗಳ್ಯಾನ. ಈಗ ನಾವು ಕೇಳಿದ್ರ ಅಣ್ಣನ ಮಾತು ಸುಳ್ಳಾಗ್ತದ. ಈ ಮನ್ಯಾಗ ಅನ್ನಾ ಉಂಡು ಆ ಕೆಲಸಾ ಮಾಡ್ಲೇನು?"

ಅವಳ ಆ "ಬ್ಯಾಡ" ಯಾವ ಲೆಕ್ಕದ್ದು, ಮೊದಲನೆಯದೋ ಮೂರನೆಯದೋ, ನಮಗೆ ಯಾರಿಗೂ ತಿಳಿಯಲಿಲ್ಲ. ಅವ್ವ ಮತ್ತೆರಡು ಸಲ ಒತ್ತಾಯ ಮಾಡಿದಳು. ಅತ್ತೆ ಜಗ್ಗಲಿಲ್ಲ. ಒಬ್ಬರ ಮಾನವನ್ನು ಇನ್ನೊಬ್ಬರು ಕಾಯುತ್ತ, ಬೇಕಾದದ್ದನ್ನು ಯಾರೂ ಕೇಳದೆ, ನಾವು ಆ ಮನೆಯಲ್ಲಿ ಬಹಳ ಸಭ್ಯತೆಯಿಂದ ದಿನ ಕಳೆದೆವು.

ಸ್ವಾತಂತ್ರ್ಯ ಬರುವ ಮುಂಚಿನ ಚಳಿಗಾಲದಲ್ಲಿ ರಾಧತ್ತೆಗೆ ವಿಷಮಜ್ವರ ಬಂತು. ಹೆಚ್ಚು ದಿನ ನರಳಲಿಲ್ಲ. ಜ್ವರದಲ್ಲಿಯೂ ಬೆಳಿಗ್ಗೆಯಾದರೆ ಕರಡಿಗೆ ಕೇಳುತ್ತಿದ್ದಳು, ಅವ್ವ ಕುಂಕುಮ ಹಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಹೋಗಿಬಿಟ್ಟಳು.

ವಾಡೆಯ ಹೆಂಗಸರು ಸೇರಿದರು. ಗಂಡನಿದ್ದು ಹೋದವಳನ್ನು ಹಸಿರು ಸೀರೆ, ಹಸಿರು ಬಳೆ, ಅರಿಸಿನ ಕುಂಕುಮದೊಡನೆ ಕಳಿಸಬೇಕು. ಗಂಡ ಹೋದವಳಾದರೆ ಅದೊಂದೂ ಇಲ್ಲ. ನೀರು ಕಾಯಿಸಿಟ್ಟವರಿಗೆ ಇವಳನ್ನು ಹೇಗೆ ಕಳಿಸಬೇಕೆಂದು ತಿಳಿಯಲಿಲ್ಲ. ಕೊನೆಗೆ ನಮ್ಮವರ ಪೈಕಿಯ ಒಬ್ಬ ಹಿರಿಯ ಮುದುಕಿ ಪಡಸಾಲೆಗೆ ಬಂದು ಅಪ್ಪನನ್ನು ಕೇಳಿದಳು.

"ಹೆಂಗ ಮಾಡೋದ್ರಿ? ಮುತ್ತೈದಿ ಅಂತ ತಿಳೀಬೇಕೋ ಏನು?"

"ಮುತ್ತೈದಿ" ಎಂದರು ಅಪ್ಪ.

"ನಿಮಗ ಖಾತ್ರಿ ಅದ ಏನ್ರಿ?"

ಅಪ್ಪ ಗೋಡೆ ಹಿಡಿದು ಎದ್ದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಖಾತ್ರಿ ಮಾಡಿಕೊಡೋ ಕೆಲಸಾ ನಂದಿತ್ತು, ನಾ ಮಾಡ್ಲಿಲ್ಲ. ಅದರ ಶಿಕ್ಷಾ ಆಕಿಗ್ಯಾಕ? ಹಸರು ಸೀರಿ ಉಡಸ್ರಿ."

ಅವ್ವ ಸೀರೆ ತರಲು ಒಳಗೆ ಹೋದಳು.